ಪುಷ್ಕರ ಯಾತ್ರೆ: ಎರಡು ರಾತ್ರಿ ಉಳಿದು ನೆಮ್ಮದಿಯಾಗಿ ಮಾಡುವ ಬಗೆ

ರಾಜಸ್ಥಾನಕ್ಕೆ ಹೋಗುವ ನಮ್ಮ ಕಡೆಯ ಟೂರ್ ಪ್ಯಾಕೇಜ್‌ಗಳಲ್ಲಿ ಪುಷ್ಕರಕ್ಕೆ ಸಿಗುವುದು ಹೆಚ್ಚೆಂದರೆ ಎರಡು ಮೂರು ಗಂಟೆ. ಬಸ್ಸಿನಿಂದ ಇಳಿದು ಬ್ರಹ್ಮನ ಗುಡಿಗೆ ಓಡುವುದು, ಸರೋವರದ ನೀರನ್ನು ತಲೆಗೆ ಚಿಮುಕಿಸಿಕೊಳ್ಳುವುದು, ಬಜಾರಿನಲ್ಲಿ ಬಳೆ ಕೊಂಡು ಮತ್ತೆ ಬಸ್ಸು ಹತ್ತುವುದು. ಹೀಗೆ ನೋಡಿ ಬಂದವರು "ಅಲ್ಲೇನಿದೆ, ಬರೀ ದುಡ್ಡು ಕೀಳ್ತಾರೆ" ಅನ್ನುತ್ತಾರೆ. ಆ ಮಾತು ಕೇಳಿದಾಗೆಲ್ಲ ನನಗೆ ಬೇಜಾರಾಗುತ್ತದೆ. ಮಹಾಭಾರತದ ವನಪರ್ವದಲ್ಲಿ ಪುಲಸ್ತ್ಯ ಋಷಿ ಭೀಷ್ಮನಿಗೆ ತೀರ್ಥಗಳ ಹೆಸರು ಹೇಳುತ್ತಾ ಹೋಗುವಾಗ ಶುರು ಮಾಡುವುದೇ ಪುಷ್ಕರದಿಂದ. ರಾಮಾಯಣದಲ್ಲಿ ವಿಶ್ವಾಮಿತ್ರ ತಪಸ್ಸಿಗೆ ಕುಳಿತದ್ದು, ಮೇನಕೆ ಸ್ನಾನಕ್ಕೆ ಬಂದದ್ದು ಇದೇ ನೀರಿಗೆ. ಅಂಥ ಜಾಗವನ್ನು ಮಧ್ಯಾಹ್ನದ ಬಿಸಿಲಲ್ಲಿ ಎರಡು ಗಂಟೆಯಲ್ಲಿ ನೋಡಿ ಮುಗಿಸಬಾರದು.

ನನ್ನ ಸಲಹೆ ಇಷ್ಟೇ: ಅಲ್ಲಿ ಎರಡು ರಾತ್ರಿ ಉಳಿಯಿರಿ. ಮುಖ್ಯವಾಗಿ ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲು ತಿಂಗಳು ಆರಿಸಿಕೊಳ್ಳಿ

ಪುಷ್ಕರ ಇರುವುದು ರಾಜಸ್ಥಾನದ ಅಜ್ಮೀರ್ ಜಿಲ್ಲೆಯಲ್ಲಿ, ಥಾರ್ ಮರುಭೂಮಿಯ ಅಂಚಿನಲ್ಲಿ. ಅಜ್ಮೀರ್ ಮತ್ತು ಪುಷ್ಕರದ ನಡುವೆ ಅರಾವಳಿಯ ನಾಗ ಪಹಾಡ್ ಅಡ್ಡ ನಿಂತಿದೆ. ಗುಡ್ಡ ದಾಟಿ ಇಳಿದರೆ ಮರಳು ಕಾಣಲು ಶುರುವಾಗುತ್ತದೆ. ಮೇ, ಜೂನ್‌ನಲ್ಲಿ ಬಿಸಿಲು 45 ಡಿಗ್ರಿ ಮುಟ್ಟುವ ದಿನಗಳೂ ಇರುತ್ತವೆ. ಘಾಟ್‌ಗಳ ಮೇಲೆ ಬರಿಗಾಲಲ್ಲೇ ನಡೆಯಬೇಕು, ಕಲ್ಲು ಹೆಂಚಿನ ಹಾಗೆ ಕಾಯ್ದಿರುತ್ತದೆ. ಆ ಎರಡು ತಿಂಗಳು ಬೇಡವೇ ಬೇಡ.

ಅಕ್ಟೋಬರ್ ಕೊನೆಯಿಂದ ಮಾರ್ಚ್ ಮೊದಲ ವಾರದವರೆಗೆ ಒಳ್ಳೆಯ ಸಮಯ. ಆದರೆ ಡಿಸೆಂಬರ್, ಜನವರಿಯಲ್ಲಿ ಅಲ್ಲಿನ ಚಳಿ ನಮ್ಮ ಮೈಸೂರು, ಬೆಂಗಳೂರಿನ ಚಳಿಯಂತಲ್ಲ. ಹಗಲು ಹಿತವಾಗಿರುತ್ತದೆ, ರಾತ್ರಿ ಮರಳು ತಣ್ಣಗಾದಂತೆ ಚಳಿ ಕೊರೆಯುತ್ತದೆ. ಸ್ವೆಟರ್, ಮಫ್ಲರ್, ದಪ್ಪ ಕಾಲುಚೀಲ ಇಟ್ಟುಕೊಳ್ಳಿ. ಬೆಳಗಿನ ತಣ್ಣೀರು ಸ್ನಾನ ವಯಸ್ಸಾದವರಿಗೆ ಆಗುತ್ತದೆಯೇ ಅಂತ ಮನೆಯಲ್ಲೇ ಯೋಚಿಸಿ. ಆಗದಿದ್ದರೆ ಪಾದ ತೊಳೆದು, ಪ್ರೋಕ್ಷಣೆ ಮಾಡಿಕೊಂಡರೆ ಸಾಕು. ಬಿಸಿಲೇರಿದ ಮೇಲೆ ಸ್ನಾನ ಮಾಡಿದರೂ ತಪ್ಪೇನಿಲ್ಲ.

ಇನ್ನು ಜಾತ್ರೆಯ ವಿಷಯ. ಇದರಲ್ಲಿ ತುಂಬಾ ಜನಕ್ಕೆ ಗೊಂದಲ ಇದೆ. ಪುಷ್ಕರ ಮೇಳ ಅಂತ ಕರೆಯುವುದರಲ್ಲಿ ನಿಜಕ್ಕೂ ಎರಡು ಜಾತ್ರೆಗಳಿವೆ. ಒಂದು ದನ, ಒಂಟೆ, ಕುದುರೆಗಳ ವ್ಯಾಪಾರದ ಜಾತ್ರೆ. ಇನ್ನೊಂದು ಕಾರ್ತಿಕ ಶುದ್ಧ ಏಕಾದಶಿಯಿಂದ ಹುಣ್ಣಿಮೆವರೆಗಿನ ಐದು ದಿನದ ತೀರ್ಥಸ್ನಾನ. ವ್ಯಾಪಾರದವರು ದೀಪಾವಳಿ ಮುಗಿದ ಕೆಲವೇ ದಿನಗಳಲ್ಲಿ ಬಂದು ಬೀಡು ಬಿಡುತ್ತಾರೆ. ಏಕಾದಶಿ ಹತ್ತಿರವಾಗುವ ಹೊತ್ತಿಗೆ ಅವರಲ್ಲಿ ಬಹಳ ಮಂದಿ ವ್ಯಾಪಾರ ಮುಗಿಸಿ ಹೊರಟಿರುತ್ತಾರೆ. ಹಾಗಾಗಿ ಒಂಟೆಗಳನ್ನು ನೋಡುವ ಆಸೆ ಇದ್ದರೆ ಏಕಾದಶಿಗೆ ಮೂರ್ನಾಲ್ಕು ದಿನ ಮೊದಲೇ ಹೋಗಿ. ಸ್ನಾನ ಮುಖ್ಯವಾದರೆ ಕೊನೆಯ ಐದು ದಿನಕ್ಕೆ ಹೋಗಿ. ಹುಣ್ಣಿಮೆ ದಿನ ಒಂಟೆ ಹುಡುಕಿಕೊಂಡು ಹೋದವರಿಗೆ ನಿರಾಸೆಯೇ ಸಿಗುವುದು.

ಒಂಟೆಗಳ ಸಂಖ್ಯೆಯೂ ಈಗ ಮೊದಲಿನಷ್ಟಿಲ್ಲ. 2014ರಲ್ಲಿ ರಾಜಸ್ಥಾನ ಸರ್ಕಾರ ಒಂಟೆಯನ್ನು ರಾಜ್ಯಪ್ರಾಣಿ ಎಂದು ಘೋಷಿಸಿತು. 2015ರ ಕಾಯ್ದೆ ಒಂಟೆಗಳನ್ನು ರಾಜ್ಯದಿಂದ ಹೊರಗೆ ಸಾಗಿಸುವುದಕ್ಕೆ ಕಡಿವಾಣ ಹಾಕಿತು. ಹೊಲದ ಕೆಲಸಕ್ಕೆ ಟ್ರ್ಯಾಕ್ಟರ್ ಬಂದಿದೆ, ಮೇಯಲು ಜಾಗ ಕಡಿಮೆಯಾಗಿದೆ. ತಲೆಮಾರುಗಳಿಂದ ಒಂಟೆ ಸಾಕಿದ ರೈಕಾ ಸಮುದಾಯದವರಿಗೆ ಇದು ಬದುಕಿನ ಪ್ರಶ್ನೆ. ಅವರ ಫೋಟೋ ತೆಗೆಯುವ ಮುಂಚೆ ಒಂದು ಮಾತು ಕೇಳಿ. ಅವರು ಅಲ್ಲಿಗೆ ಬಂದಿರುವುದು ಹೊಟ್ಟೆಪಾಡಿಗೆ.

ಪಂಚಾಂಗದ ಒಂದು ಸೂಕ್ಷ್ಮ ಗೊತ್ತಿರಲಿ. ಉತ್ತರದವರ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮದು ಅಮಾವಾಸ್ಯೆಗೆ. ಹಾಗಾಗಿ ಅಲ್ಲಿ ಕಾರ್ತಿಕ ನಮಗಿಂತ ಹದಿನೈದು ದಿನ ಮೊದಲೇ ಶುರುವಾಗುತ್ತದೆ. ಆದರೆ ಶುಕ್ಲಪಕ್ಷ ಇಬ್ಬರಿಗೂ ಒಂದೇ. ನಮ್ಮ ಪಂಚಾಂಗದಲ್ಲಿ ಕಾರ್ತಿಕ ಹುಣ್ಣಿಮೆ ನೋಡಿಕೊಂಡು ಟಿಕೆಟ್ ಮಾಡಿಸಿದರೆ ದಿನ ತಪ್ಪುವುದಿಲ್ಲ. ಮನೆಯಲ್ಲಿ ಉತ್ಥಾನ ದ್ವಾದಶಿಯ ತುಳಸಿ ಹಬ್ಬ ಬಿಡುವಂತಿಲ್ಲ ಅನ್ನುವವರು ಮಾತ್ರ ಯೋಚಿಸಬೇಕು. ಅದು ಸ್ನಾನದ ಐದು ದಿನಗಳ ಮಧ್ಯೆಯೇ ಬರುತ್ತದೆ.

ಮೊದಲ ಸಲ ಹೋಗುವವರಿಗೆ, ಅದರಲ್ಲೂ ಮಂಡಿನೋವು ಇರುವವರ ಜೊತೆ ಹೋಗುವವರಿಗೆ, ಜಾತ್ರೆ ಬಿಟ್ಟು ಬೇರೆ ದಿನವೇ ವಾಸಿ. ಜಾತ್ರೆಯಲ್ಲಿ ರೂಮಿನ ಬಾಡಿಗೆ ಹಲವು ಪಟ್ಟು ಏರುತ್ತದೆ. ಗಾಡಿಗಳನ್ನು ಊರ ಹೊರಗೇ ನಿಲ್ಲಿಸುತ್ತಾರೆ. ಘಾಟ್ ಮೇಲೆ ಕಾಲಿಡಲು ಜಾಗ ಇರುವುದಿಲ್ಲ.

ಅಜ್ಮೀರ್‌ವರೆಗೆ, ಅಲ್ಲಿಂದ ಗುಡ್ಡದಾಚೆಗೆ

ಮೈಸೂರಿನಿಂದ ಅಜ್ಮೀರ್‌ಗೆ ನೇರ ಎಕ್ಸ್‌ಪ್ರೆಸ್ ರೈಲಿದೆ. ಬೆಂಗಳೂರು, ಹುಬ್ಬಳ್ಳಿ, ಪುಣೆ, ಅಹಮದಾಬಾದ್ ದಾಟಿ ಹೋಗುತ್ತದೆ. ಸುಮಾರು ಎರಡು ದಿನದ ಪ್ರಯಾಣ. ದಿನಾ ಓಡುವ ರೈಲಲ್ಲ, ವಾರದ ದಿನ ನೋಡಿಕೊಂಡು ಬುಕ್ ಮಾಡಿ. 2024ರ ನವೆಂಬರ್‌ನಿಂದ ರೈಲು ಟಿಕೆಟ್ ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಆ ದಿನವೇ ಮಾಡಿಸಿದರೆ ಹಿರಿಯರಿಗೆ ಲೋವರ್ ಬರ್ತ್ ಸಿಗುವ ಅವಕಾಶ ಜಾಸ್ತಿ.

ವಿಮಾನವಾದರೆ ಬೆಂಗಳೂರಿನಿಂದ ಜೈಪುರಕ್ಕೆ ಹೋಗಿ. ಅಲ್ಲಿಂದ ಪುಷ್ಕರ ಸುಮಾರು 150 ಕಿಲೋಮೀಟರ್, ಟ್ಯಾಕ್ಸಿಯಲ್ಲಿ ಮೂರು ಗಂಟೆ ಹಿಡಿಯಿರಿ. ಅಜ್ಮೀರ್ ಪಕ್ಕದ ಕಿಶನ್‌ಗಢದಲ್ಲೂ 2017ರಿಂದ ವಿಮಾನ ನಿಲ್ದಾಣ ಇದೆ. ಆದರೆ ಅಲ್ಲಿಗೆ ಬರುವ ವಿಮಾನಗಳು ಕಡಿಮೆ.

ಟಿಕೆಟ್ ಮಾಡಿಸುವ ಮುಂಚೆ ಅಜ್ಮೀರ್ ದರ್ಗಾದ ಉರುಸ್ ಯಾವಾಗ ಅಂತ ಒಮ್ಮೆ ನೋಡಿ. ಅದು ಚಾಂದ್ರಮಾನದ ರಜಬ್ ತಿಂಗಳಲ್ಲಿ ಬರುತ್ತದೆ, ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಆ ವಾರ ಅಜ್ಮೀರ್‌ನ ರೈಲು, ಹೋಟೆಲ್, ರಸ್ತೆ ಎಲ್ಲ ತುಂಬಿರುತ್ತದೆ.

ಅಜ್ಮೀರ್‌ನಿಂದ ಪುಷ್ಕರ ಹದಿನೈದು ಕಿಲೋಮೀಟರ್ ಆಸುಪಾಸು. ಸರ್ಕಾರಿ ಬಸ್, ಆಟೋ, ಟ್ಯಾಕ್ಸಿ ಎಲ್ಲ ಇವೆ. ಅರ್ಧ ಮುಕ್ಕಾಲು ಗಂಟೆಯ ಘಾಟಿ ರಸ್ತೆ. ತಿರುವಿಗೆ ವಾಂತಿ ಬರುವವರು ಹೊಟ್ಟೆ ತುಂಬ ತಿಂದು ಹತ್ತಬೇಡಿ.

ರೂಮು ಹಿಡಿಯುವಾಗ

ಬೇರೆ ಬೇರೆ ಸಮಾಜದವರ ಧರ್ಮಶಾಲೆಗಳು ಇಲ್ಲಿ ತುಂಬಾ ಇವೆ. ಹಳೆ ಹವೇಲಿಗಳೂ ಹೋಟೆಲ್ ಆಗಿವೆ. ಸರೋವರ ಕಾಣುವ ರೂಮು ಅಂದರೆ ಆಸೆಯಾಗುತ್ತದೆ, ಅಲ್ವಾ? ಆದರೆ ಅಂಥ ಮನೆಗಳ ಮೆಟ್ಟಿಲು ಕಡಿದಾಗಿರುತ್ತವೆ. ಗಲ್ಲಿಯೊಳಗೆ ಕಾರು ಬರುವುದಿಲ್ಲ, ಲಗೇಜು ಹೊತ್ತು ನಡೆಯಬೇಕು. ಹಿರಿಯರಿದ್ದರೆ ನಾಲ್ಕು ಪ್ರಶ್ನೆ ಫೋನಿನಲ್ಲೇ ಕೇಳಿ: ನೆಲಮಹಡಿ ಇದೆಯಾ, ಗೀಸರ್ ಇದೆಯಾ, ಕಮೋಡ್ ಇದೆಯಾ, ಆಟೋ ಬಾಗಿಲವರೆಗೆ ಬರುತ್ತಾ. ಈ ನಾಲ್ಕಕ್ಕೂ ಹೌದು ಅಂದರೆ ಬುಕ್ ಮಾಡಿ, ಕಿಟಕಿಯಿಂದ ಏನು ಕಾಣುತ್ತದೆ ಅನ್ನುವುದು ಆಮೇಲೆ.

ಮೊದಲ ಸಂಜೆ: ಪೂಜೆ ಬೇಡ, ಸುಮ್ನೆ ಕುಳಿತುಕೊಳ್ಳಿ

ತಲುಪಿದ ದಿನ ಯಾವ ವಿಧಿಯೂ ಬೇಡ. ಸ್ವಲ್ಪ ಮಲಗಿ ಎದ್ದು, ಸೂರ್ಯ ಮುಳುಗುವ ಹೊತ್ತಿಗೆ ಸರೋವರಕ್ಕೆ ಹೋಗಿ. ಸುತ್ತ 52 ಘಾಟ್‌ಗಳಿವೆ. ಒಂದೊಂದು ಘಾಟ್‌ಗೂ ಒಂದೊಂದು ರಾಜಮನೆತನದ, ಸಮಾಜದ ನಂಟು. ಗೌ ಘಾಟ್‌ನಲ್ಲಿ ಮಹಾತ್ಮ ಗಾಂಧಿಯವರ ಚಿತಾಭಸ್ಮ ಬಿಟ್ಟರು, ಹಾಗಾಗಿ ಅದಕ್ಕೆ ಗಾಂಧಿ ಘಾಟ್ ಅಂತಲೂ ಹೆಸರು. ಸಂಜೆ ಆರತಿಗೆ ವರಾಹ ಘಾಟ್ ಕಡೆ ಹೋಗಿ. ಕಾಶಿಯಷ್ಟು ದೊಡ್ಡ ಆರತಿಯಲ್ಲ, ಆದರೆ ಹತ್ತಿರದಲ್ಲೇ ಕುಳಿತು ನೋಡಬಹುದು.

ಚಪ್ಪಲಿಯನ್ನು ನೀರಿಗೆ ಇನ್ನೂ ಸಾಕಷ್ಟು ದೂರ ಇರುವಾಗಲೇ ಬಿಡಬೇಕು, ಬೋರ್ಡ್ ಇರುತ್ತದೆ. ಸ್ನಾನ ಮಾಡುವವರ ಫೋಟೋ ತೆಗೆಯುವಂತಿಲ್ಲ. ಈ ನಿಯಮವನ್ನು ಊರವರು ಗಟ್ಟಿಯಾಗಿ ಪಾಲಿಸುತ್ತಾರೆ, ಪಾಲಿಸಬೇಕಾದ್ದೇ. ಫೋನು ಜೇಬಿನಲ್ಲಿರಲಿ.

ದಕ್ಷಿಣೆಯ ಮಾತು

ಪುಷ್ಕರದ ಬಗ್ಗೆ ಬೇಸರಪಟ್ಟು ಬರುವವರಲ್ಲಿ ಹೆಚ್ಚಿನವರ ಬೇಸರ ಇಲ್ಲೇ ಹುಟ್ಟುವುದು. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬಜಾರಿನಲ್ಲಿ ನಡೆಯುವಾಗ ಯಾರೋ ಒಬ್ಬರು ನಿಮ್ಮ ಕೈಗೆ ಗುಲಾಬಿ ಎಸಳು ಇಡುತ್ತಾರೆ. "ಇದನ್ನು ಸರೋವರಕ್ಕೇ ಹಾಕಬೇಕು" ಅನ್ನುತ್ತಾರೆ. ಘಾಟ್‌ಗೆ ಕರೆದೊಯ್ದು ಕೂರಿಸಿ ಸಂಕಲ್ಪ ಶುರು ಮಾಡುತ್ತಾರೆ. ಅಪ್ಪ, ಅಮ್ಮ, ಮಕ್ಕಳು ಎಲ್ಲರ ಹೆಸರು ಹೇಳಿಸುತ್ತಾರೆ. ಮಧ್ಯದಲ್ಲಿ, ಕೈಯಲ್ಲಿ ನೀರು ಹಿಡಿದಿರುವಾಗ, "ಇಷ್ಟು ಸಾವಿರ ದಾನ ಕೊಡುತ್ತೇನೆ" ಅಂತ ನಿಮ್ಮ ಬಾಯಿಂದ ಹೇಳಿಸುತ್ತಾರೆ. ದೇವರ ಮುಂದೆ ಕುಳಿತು ಇಲ್ಲ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಅಮ್ಮಂದಿರಂತೂ ಕೊಟ್ಟೇಬಿಡುತ್ತಾರೆ. ಕೊನೆಗೆ ಮಣಿಕಟ್ಟಿಗೆ ಕೆಂಪು ದಾರ ಕಟ್ಟುತ್ತಾರೆ. ಅದಕ್ಕೆ ಅಲ್ಲಿ ಪುಷ್ಕರ ಪಾಸ್‌ಪೋರ್ಟ್ ಅಂತಲೇ ಹೆಸರು ಬಿದ್ದಿದೆ.

ಇದರಿಂದ ತಪ್ಪಿಸಿಕೊಳ್ಳಲು ಜಗಳ ಬೇಕಿಲ್ಲ. ದಾರಿಯಲ್ಲಿ ಕೊಟ್ಟ ಹೂ ತೆಗೆದುಕೊಳ್ಳಬೇಡಿ. ಕೈಗೆ ಬಂದುಬಿಟ್ಟರೆ ಹತ್ತಿರದ ಯಾವುದಾದರೂ ಗುಡಿಯ ಮೆಟ್ಟಿಲ ಮೇಲಿಟ್ಟು ಕೈಮುಗಿಯಿರಿ. ಸ್ನಾನಕ್ಕೆ, ನಮಸ್ಕಾರಕ್ಕೆ ಯಾವ ಪುರೋಹಿತರೂ ಬೇಕಾಗಿಲ್ಲ, ಯಾವ ಶುಲ್ಕವೂ ಇಲ್ಲ. ನೀವೇ ನೀರಿಗಿಳಿದು ಮೂರು ಮುಳುಗು ಹಾಕಿ ಬರಬಹುದು.

ಪೂಜೆ ಅಥವಾ ಹಿರಿಯರಿಗೆ ತರ್ಪಣ, ಪಿಂಡಪ್ರದಾನ ಮಾಡಿಸಬೇಕೆಂದಿದ್ದರೆ ಮೊದಲ ಸಂಜೆಯೇ ನೀವು ಉಳಿದ ಕಡೆ ವಿಚಾರಿಸಿ ಒಬ್ಬ ತೀರ್ಥ ಪುರೋಹಿತರನ್ನು ಗೊತ್ತು ಮಾಡಿಕೊಳ್ಳಿ. ಕೂರುವ ಮೊದಲೇ "ದಕ್ಷಿಣಾ ಪೆಹ್ಲೇ ಬತಾ ದೀಜಿಯೇ" ಅಂತ ಕೇಳಿ. ಸಾಮಗ್ರಿ, ಬ್ರಾಹ್ಮಣ ಭೋಜನ, ಗೋದಾನ ಎಲ್ಲ ಸೇರಿ ಎಷ್ಟು ಅಂತ ಖಚಿತಪಡಿಸಿಕೊಳ್ಳಿ. ಆ ಮೊತ್ತವನ್ನು ಬೇರೆ ಕವರಿನಲ್ಲಿ ಹಾಕಿ, ಪರ್ಸನ್ನು ರೂಮಿನಲ್ಲೇ ಬಿಟ್ಟು ಬನ್ನಿ. ಹೀಗೆ ಮಾಡಿದರೆ ಮಧ್ಯದಲ್ಲಿ ಮೊತ್ತ ಏರುವುದಿಲ್ಲ. ನಿಮ್ಮ ಮನಸ್ಸೂ ಪೂಜೆಯಲ್ಲೇ ಇರುತ್ತದೆ.

ಒಂದು ಮಾತು ಗಮನದಲ್ಲಿರಲಿ. ಎಲ್ಲ ಪಂಡಾಗಳೂ, ಅಂದರೆ ಇಲ್ಲಿನ ತೀರ್ಥ ಪುರೋಹಿತರೂ, ಹಾಗಲ್ಲ. ವಂಶಪಾರಂಪರ್ಯವಾಗಿ ಯಜಮಾನರ ಕುಟುಂಬಗಳ ಹೆಸರನ್ನು ಬಹಿಗಳಲ್ಲಿ ಬರೆದಿಟ್ಟುಕೊಂಡು ಬಂದ, ಶ್ರದ್ಧೆಯಿಂದ ಕರ್ಮ ಮಾಡಿಸುವ ಮನೆಗಳು ಇಲ್ಲಿವೆ. ಗೋತ್ರ, ಮೂರು ತಲೆಮಾರಿನ ಹೆಸರು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಸಂಕಲ್ಪದಲ್ಲಿ ನಮ್ಮ "ಗೋದಾವರ್ಯಾಃ ದಕ್ಷಿಣೇ ತೀರೇ" ಕೇಳಿಸುವುದಿಲ್ಲ, ಶಾಲಿವಾಹನ ಶಕೆಯ ಬದಲು ವಿಕ್ರಮ ಶಕೆ ಬರುತ್ತದೆ. ಅಪ್ಪನಿಗೆ ಗಾಬರಿಯಾಗದಂತೆ ಮುಂಚೆಯೇ ಹೇಳಿಡಿ.

ಎರಡನೇ ದಿನ ಬೆಳಿಗ್ಗೆ: ಮೊದಲು ಸರೋವರ, ಆಮೇಲೆ ಗುಡಿ

ಬೆಳಕು ಹರಿಯುವ ಹೊತ್ತಿಗೆ ಘಾಟ್‌ನಲ್ಲಿರಿ. ಬಜಾರ್ ಇನ್ನೂ ತೆರೆದಿರುವುದಿಲ್ಲ, ಹೂ ಹಿಡಿದು ಕಾಯುವವರೂ ಕಡಿಮೆ. ಕೆಳಗಿನ ಮೆಟ್ಟಿಲುಗಳಲ್ಲಿ ಪಾಚಿ ಇರುತ್ತದೆ, ಹಿರಿಯರ ಕೈ ಹಿಡಿದುಕೊಳ್ಳಿ. ಒದ್ದೆ ಬಟ್ಟೆಗೆ ಒಂದು ಚೀಲ, ಹೆಂಗಸರಿಗೆ ಮೇಲೆ ಹೊದೆಯಲು ದಪ್ಪ ಟವೆಲ್ ಬೇಕು.

ಸೋಪು, ಶಾಂಪೂ ಬೇಡ. ಈ ಸರೋವರ ಸುತ್ತಲಿನ ಗುಡ್ಡದ ಮಳೆನೀರನ್ನು ನಂಬಿಕೊಂಡಿದೆ. ಗಾಳಿಗೆ ಬಂದ ಮರಳು, ಮಳೆಯ ಜೊತೆ ಬಂದ ಹೂಳು ತುಂಬುತ್ತಲೇ ಇರುತ್ತದೆ. 2009ರಲ್ಲಿ ಕಾರ್ತಿಕ ಮೇಳದ ಹೊತ್ತಿಗೆ ಸರೋವರ ಒಣಗಿತ್ತು, ಜನ ಘಾಟ್ ಪಕ್ಕದ ಸಣ್ಣ ತೊಟ್ಟಿಗಳಲ್ಲಿ ಸ್ನಾನ ಮಾಡಬೇಕಾಯಿತು. ಅಂಥ ನೀರಿಗೆ ಪ್ಲಾಸ್ಟಿಕ್ ಕವರಿನ ಸಮೇತ ಹೂ ಎಸೆಯುವುದನ್ನು ನೋಡಿದರೆ ಸಂಕಟವಾಗುತ್ತದೆ. ಹೂವನ್ನು ಬೇಕಾದರೆ ಬಿಡಿ, ಕವರನ್ನು ವಾಪಸ್ ತನ್ನಿ.

ಶ್ರೀವೈಷ್ಣವ ಮನೆತನದವರಿಗೆ ಈ ನೀರಿನ ವಿಶೇಷ ಗೊತ್ತಿರಬಹುದು. ಶ್ರೀರಂಗ, ತಿರುಮಲೆ, ಬದರಿ, ಸಾಲಿಗ್ರಾಮ, ನೈಮಿಶಾರಣ್ಯಗಳ ಜೊತೆ ಪುಷ್ಕರವೂ ಎಂಟು ಸ್ವಯಂವ್ಯಕ್ತ, ಅಂದರೆ ದೇವರು ತಾನಾಗಿಯೇ ಪ್ರಕಟವಾದ, ಕ್ಷೇತ್ರಗಳಲ್ಲಿ ಒಂದು. ಇಲ್ಲಿ ವಿಷ್ಣು ತೀರ್ಥರೂಪದಲ್ಲಿದ್ದಾನೆ, ಅಂದರೆ ನೀರೇ ದೇವರು ಅನ್ನುವುದು ಸಂಪ್ರದಾಯ. ಸ್ನಾನವನ್ನು ಮೊದಲಿಗಿಡಿ ಅಂತ ನಾನು ಹೇಳುವುದಕ್ಕೆ ಇದೇ ಕಾರಣ.

ಅಲ್ಲಿಂದ ಬ್ರಹ್ಮನ ಗುಡಿಗೆ ಬಜಾರಿನ ಮೂಲಕ ಪಶ್ಚಿಮಕ್ಕೆ ನಡೆಯಿರಿ. ದಾರಿಯಲ್ಲಿ ಹಸು, ಗೂಳಿ, ಕೋತಿಗಳಿವೆ, ಕೈಯಲ್ಲಿ ಬಾಳೆಹಣ್ಣು ಹಿಡಿದು ಹೋಗಬೇಡಿ. ಗುಡಿಗೆ ಅಮೃತಶಿಲೆಯ ಮೆಟ್ಟಿಲು, ಕೆಂಪು ಶಿಖರ, ಬಾಗಿಲ ಮೇಲೆ ಹಂಸ. ಚೀಲ, ಚರ್ಮದ ಬೆಲ್ಟ್ ಎಲ್ಲ ರೂಮಿನಲ್ಲೇ ಬಿಟ್ಟು ಹೋಗುವುದು ಒಳ್ಳೆಯದು. ಒಳಗೆ ನಾಲ್ಕು ಮುಖದ ಬ್ರಹ್ಮ, ಪಕ್ಕದಲ್ಲಿ ಗಾಯತ್ರಿ. ಮಂಟಪದ ನೆಲದಲ್ಲಿ ಬೆಳ್ಳಿಯ ಆಮೆಯನ್ನೂ, ಹರಕೆಯವರು ನೆನಪಿಗೆ ಕೂರಿಸಿದ ಬೆಳ್ಳಿ ನಾಣ್ಯಗಳನ್ನೂ ನೋಡಿ. ಮಧ್ಯಾಹ್ನ ಗುಡಿ ಮುಚ್ಚುತ್ತದೆ, ಬೆಳಿಗ್ಗೆಯೇ ಹೋಗಿಬಿಡಿ. ಹಳೇಬೀಡಿನ ಗೋಡೆಯಲ್ಲಿ ಬ್ರಹ್ಮನನ್ನು ಶಿಲ್ಪವಾಗಿ ನೋಡಿದ ನಮಗೆ, ಇಲ್ಲಿ ಅವನಿಗೆ ಆರತಿ ಎತ್ತುವುದನ್ನು ನೋಡುವುದು ಹೊಸ ಅನುಭವ.

ಇದು ಜಗತ್ತಿನ ಏಕೈಕ ಬ್ರಹ್ಮ ದೇವಾಲಯ ಅಂತ ಗೈಡ್‌ಗಳು ಹೇಳುತ್ತಾರೆ. ಹಾಗೇನಿಲ್ಲ. ನಮ್ಮ ಗಡಿಯ ಪಕ್ಕ ಗೋವಾದ ಸತ್ತರಿ ತಾಲ್ಲೂಕಿನಲ್ಲೂ, ರಾಜಸ್ಥಾನದ್ದೇ ಆಸೋತ್ರಾದಲ್ಲೂ ಬ್ರಹ್ಮನ ಗುಡಿಗಳಿವೆ. ಏಕೈಕ ಅಲ್ಲದಿದ್ದರೂ ಪುಷ್ಕರದ ಮಹಿಮೆಗೇನೂ ಕುಂದಿಲ್ಲ.

ಹಿಂದಿರುಗುವಾಗ ವರಾಹ ದೇವಾಲಯ ನೋಡಿ. ಕೋಟೆಯ ಹಾಗೆ ಎತ್ತರದ ಗೋಡೆ. 12ನೇ ಶತಮಾನದಲ್ಲಿ ಚೌಹಾಣ ರಾಜ ಅರ್ಣೋರಾಜ ಕಟ್ಟಿಸಿದ್ದು, ಔರಂಗಜೇಬನ ಕಾಲದಲ್ಲಿ ಹಾಳಾಗಿ, 1727ರಲ್ಲಿ ಜೈಪುರದ ಸವಾಯಿ ಜೈಸಿಂಗ್ ಮತ್ತೆ ಕಟ್ಟಿಸಿದ್ದು. ಹಳೆ ರಂಗಜಿ ದೇವಾಲಯಕ್ಕೂ ಹೋಗಿ. ಮರುಭೂಮಿಯ ಊರಿನಲ್ಲಿ ನಮ್ಮ ಕಡೆಯಂಥ ಗೋಪುರ ಕಂಡು ಅಜ್ಜಿ ಖಂಡಿತ ಖುಷಿಪಡುತ್ತಾರೆ. 1823ರಲ್ಲಿ ಹೈದರಾಬಾದಿನ ವ್ಯಾಪಾರಿ ಶೇಠ್ ಪೂರಣಮಲ್ ಕಟ್ಟಿಸಿದ ರಂಗನಾಥನ ಗುಡಿ ಅದು.

ಊಟ

ಊರೊಳಗೆ ಮಾಂಸ, ಮೊಟ್ಟೆ, ಮದ್ಯ ಇಲ್ಲ. ಬೆಳಿಗ್ಗೆ ಕಡಿ ಕಚೋರಿ, ಪೋಹಾ ಸಿಗುತ್ತದೆ. ಮಧ್ಯಾಹ್ನ ದಾಲ್ ಬಾಟಿ. ತುಪ್ಪದಲ್ಲಿ ಕರಿದು ಪಾಕದಲ್ಲಿ ಅದ್ದಿದ ಮಾಲ್ಪುವಾ ಇಲ್ಲಿನ ಹೆಮ್ಮೆ, ಬಿಸಿಯಾಗಿರುವಾಗಲೇ ತಿನ್ನಿ. ಅನ್ನ, ಸಾರು ಇಲ್ಲದೆ ಆಗದವರು ಒಂದು ಡಬ್ಬಿ ಚಟ್ನಿಪುಡಿ ಒಯ್ಯಿರಿ, ಅನ್ನ ಮೊಸರು ಎಲ್ಲ ಕಡೆ ಸಿಗುತ್ತದೆ.

ಲಸ್ಸಿ ಅಂಗಡಿಯಲ್ಲಿ "ಸ್ಪೆಷಲ್ ಲಸ್ಸಿ" ಅಂದರೆ ಕೆಲವು ಕಡೆ ಭಂಗಿ ಬೆರೆಸಿದ ಲಸ್ಸಿ. ಮಕ್ಕಳಿಗೆ, ಬಿಪಿ ಮಾತ್ರೆ ತೆಗೆದುಕೊಳ್ಳುವ ಹಿರಿಯರಿಗೆ ಅದು ಅಪಾಯ. "ಸಾದಾ ಮೀಠಿ ಲಸ್ಸಿ, ಬಿನಾ ಭಾಂಗ್" ಅಂತ ಸ್ಪಷ್ಟವಾಗಿ ಹೇಳಿ.

ಸಂಜೆ ಸಾವಿತ್ರಿಯ ಬೆಟ್ಟ

ಕಥೆ ಗೊತ್ತಿದ್ದರೆ ಬೆಟ್ಟ ಹತ್ತುವುದಕ್ಕೆ ಅರ್ಥ ಬರುತ್ತದೆ. ಬ್ರಹ್ಮ ಇಲ್ಲಿ ಯಜ್ಞಕ್ಕೆ ಕುಳಿತ. ಹೆಂಡತಿ ಸಾವಿತ್ರಿ ಬರುವುದು ತಡವಾಯಿತು. ಮುಹೂರ್ತ ಮೀರುತ್ತದೆಂದು ಸ್ಥಳೀಯ ದನಗಾಹಿ ಕುಲದ ಹುಡುಗಿ ಗಾಯತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡ. ಸಾವಿತ್ರಿ ಬಂದು ನೋಡಿ, ಇಲ್ಲಿ ಬಿಟ್ಟು ಬೇರೆಲ್ಲೂ ನಿನಗೆ ಪೂಜೆ ಇಲ್ಲದಿರಲಿ ಎಂದು ಶಪಿಸಿ, ರತ್ನಗಿರಿ ಬೆಟ್ಟದ ಮೇಲೆ ಹೋಗಿ ನೆಲೆಸಿದಳು. ಇವತ್ತಿಗೂ ಗಂಡನ ಗುಡಿ ಕೆಳಗೆ, ಅವಳ ಗುಡಿ ಮೇಲೆ. ಮುತ್ತೈದೆಯರು ಅಲ್ಲಿಗೆ ವಿಶೇಷವಾಗಿ ಹೋಗಿ ಪೂಜೆ ಮಾಡುತ್ತಾರೆ.

ಮೆಟ್ಟಿಲು ಹತ್ತಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. 2016ರಿಂದ ರೋಪ್‌ವೇ ಇದೆ, ಹಿರಿಯರಿಗೆ ಅದೇ ಸರಿ. ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲು ಮೇಲಿರಿ. ಒಂದು ಕಡೆ ಸರೋವರ, ಬಿಳಿ ಮನೆಗಳು, ನಾಗ ಪಹಾಡ್. ಇನ್ನೊಂದು ಕಡೆ ಮರಳು. ಇಳಿಯುವ ಕೊನೆಯ ಗಾಡಿ ಎಷ್ಟು ಹೊತ್ತಿಗೆ ಅಂತ ಹತ್ತುವಾಗಲೇ ಕೇಳಿಕೊಳ್ಳಿ.

ಮೂರನೇ ದಿನ, ಹೊರಡುವ ಮುಂಚೆ

ಬ್ರಹ್ಮನ ಕೈಯ ಕಮಲದ ಎಸಳು ಮೂರು ಕಡೆ ಬಿದ್ದು ಮೂರು ಪುಷ್ಕರಗಳಾದವು ಎಂಬುದು ಪುರಾಣ. ಜ್ಯೇಷ್ಠ ಪುಷ್ಕರ ನೀವು ಸ್ನಾನ ಮಾಡಿದ್ದು. ಮಧ್ಯ ಮತ್ತು ಕನಿಷ್ಠ ಪುಷ್ಕರ ಊರಿನಿಂದ ಕೆಲವೇ ಕಿಲೋಮೀಟರ್. ಕನಿಷ್ಠವನ್ನು ಬೂಢಾ ಪುಷ್ಕರ ಅನ್ನುತ್ತಾರೆ. ಬೆಳಿಗ್ಗೆ ಒಂದು ಆಟೋ ಮಾತಾಡಿಕೊಂಡರೆ ಎರಡೂ ಮುಗಿಯುತ್ತದೆ. ಅಲ್ಲಿ ಗದ್ದಲ ಇಲ್ಲ, ಜಪಕ್ಕೆ ಕೂರುವವರಿಗೆ ಒಳ್ಳೆಯ ಜಾಗ. ಕಾಲು ಗಟ್ಟಿ ಇರುವವರು ಇದರ ಬದಲು ಪಾಪಮೋಚನಿ ಗುಡ್ಡ ಹತ್ತಬಹುದು, ಸಾವಿತ್ರಿ ಬೆಟ್ಟಕ್ಕಿಂತ ಸುಲಭ.

ಪುಷ್ಕರದ ಸುತ್ತ ಗುಲಾಬಿ ಬೆಳೆಯುತ್ತಾರೆ. ಮನೆಗೆ ಒಯ್ಯಲು ಗುಲ್ಕಂದ್ ತೆಗೆದುಕೊಳ್ಳಿ, ಮುಚ್ಚಳ ಸೀಲ್ ಆಗಿರುವ ಬಾಟಲಿಯನ್ನೇ ಕೇಳಿ. ವಿಮಾನದಲ್ಲಿ ಹೋಗುವವರು ಅದನ್ನು ಚೆಕ್-ಇನ್ ಲಗೇಜಿನಲ್ಲಿಡಿ.

ರೈಲಿಗೆ ಮೂರು ಗಂಟೆ ಮೊದಲೇ ಪುಷ್ಕರ ಬಿಡಿ. ಘಾಟಿಯಲ್ಲಿ ಲಾರಿ ಕೆಟ್ಟು ನಿಂತರೆ ಕಾಯಬೇಕಾಗುತ್ತದೆ. ಬೇಗ ತಲುಪಿದರೆ ಅಜ್ಮೀರ್‌ನ ಆನಾ ಸಾಗರದ ದಂಡೆಯಲ್ಲಿ ಕೂರಬಹುದು. ವರಾಹ ದೇವಾಲಯ ಕಟ್ಟಿಸಿದ ಅದೇ ಅರ್ಣೋರಾಜ ಕಟ್ಟಿಸಿದ ಕೆರೆ ಅದು, ದಂಡೆಯ ಅಮೃತಶಿಲೆಯ ಮಂಟಪಗಳು ಷಹಜಹಾನನವು. ಅಲ್ಲಿಂದ ಸ್ಟೇಷನ್‌ಗೆ ಆಟೋ ಸಿಗುತ್ತದೆ. ರಾತ್ರಿ ಊಟಕ್ಕೆ ಪೂರಿ ಪಲ್ಯ ಕಟ್ಟಿಸಿಕೊಂಡು ರೈಲು ಹತ್ತಿ.